ಸಾಸಿವೆ ಡಬ್ಬಿಯ ಲೆಕ್ಕ

ಈ ವಾರದ ಟಪಾಲು ದೊಡ್ಡದೇ ಬಂದಿದೆ. ಎಂದಿನಂತೆ ಮುಕ್ಕಾಲು ಪಾಲು ಕಾಗದಗಳು ಯಾರ ಚಿತ್ರ ಎಂದು ತೆರೆಗೆ, ಯಾರಿಗೆ ಯಾರು ಜೋಡಿ, ಯಾರ ಕಟೌಟು ಎಷ್ಟು ಅಡಿ ಅನ್ನುವ ಜಗಳಗಳು. ಅವಕ್ಕೆಲ್ಲ ಮುಂದಿನ ವಾರ ಉತ್ತರ. ಕಟೌಟು ಅಲ್ಲಿಯವರೆಗೆ ಬೀಳುವುದಿಲ್ಲ, ಚಿಂತೆ ಬೇಡ!

ಇವತ್ತು ಒಂದೇ ಕಾಗದ. ನಂಜನಗೂಡು ತಾಲ್ಲೂಕು ಕವಲಂದೆಯಿಂದ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾನೆ ಹುಡುಗ, ಹಾಕುವುದಿಲ್ಲ. ವಿಷಯ ಇಷ್ಟು. ಮದುವೆಯಾಗಿ ಹದಿನಾಲ್ಕು ತಿಂಗಳು. ಅಪ್ಪ ಅಮ್ಮನ ಜೊತೆಯಲ್ಲೇ ಸಂಸಾರ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ, ಕೈಗೆ ಬರುವುದು 16,500 ರೂಪಾಯಿ. ಅಪ್ಪನಿಗೆ 3,000 ಕೊಡುತ್ತಾನೆ, ಪೆಟ್ರೋಲಿಗೆ 2,500. ಹೆಂಡತಿಗೆ ದಿನಾ ಬೆಳಿಗ್ಗೆ 150 ರೂಪಾಯಿ ಎಣಿಸಿ ಕೊಟ್ಟೇ ಮನೆ ಬಿಡುವುದು. ಸಂಜೆ ಬಂದರೆ ‘ಸಾಲದು’ ಅನ್ನುತ್ತಾಳಂತೆ. ವಿಪರೀತ ದುಂದು ಅಂತೆ. ಸಂಬಳ ಎಷ್ಟು ಅಂತ ಅವಳಿಗೆ ಹೇಳಿಲ್ಲವಂತೆ, ಹೇಳಿದರೆ ಇನ್ನೂ ಕೇಳುತ್ತಾಳೆ ಅಂತ ಭಯ. ಕೊನೆಯಲ್ಲಿ ಒಂದು ಮಾತು, ಏನೂ ಅಲ್ಲದ ಹಾಗೆ, ಸೇರಿಸಿದ್ದಾನೆ. ಬೈಕು ಕೊಳ್ಳಲು ಅವಳ ಹೆಸರಿನಲ್ಲಿ ಸಂಘದ ಸಾಲ 50,000 ತೆಗೆಸಿದ್ದಾನೆ. ಎರಡು ವರ್ಷದ ಸಾಲ, ವಾರಕ್ಕೆ 610 ಕಂತು. ‘ಅದನ್ನ ಅವಳೇ ಕಟ್ಕೊಂಡು ಹೋಗ್ತಾಳೆ ಸಾರ್, ಅದರ ತಲೆನೋವು ನನಗಿಲ್ಲ.’

ತಮ್ಮಾ, ಈ ಕೊನೆಯ ಸಾಲನ್ನು ನಾನು ಮೂರು ಸಲ ಓದಿದೆ. ಅವಳೇ ಕಟ್ಟಿಕೊಂಡು ಹೋಗುತ್ತಾಳೆ, ಸರಿ. ಎಲ್ಲಿಂದ ಕಟ್ಟುತ್ತಾಳೆ?

ಅವಳು ಕೆಲಸಕ್ಕೆ ಹೋಗುತ್ತಾಳೆ ಅಂತ ನೀನು ಬರೆದಿಲ್ಲ. ತವರಿನಿಂದ ತರುತ್ತಾಳೆ ಅಂತಲೂ ಬರೆದಿಲ್ಲ. ಉಳಿದಿರುವುದು ನೀನು ಎಣಿಸಿ ಕೊಡುವ ಆ 150. ಪೆನ್ಸಿಲ್ಲು ತಗೋ, ಈ ಪುಟದ ಅಂಚಿನಲ್ಲೇ ಬರಿ. ದಿನಕ್ಕೆ 150 ಅಂದರೆ ತಿಂಗಳಿಗೆ 4,500. ವಾರಕ್ಕೆ 610 ಅಂದರೆ ತಿಂಗಳಿಗೆ ಎಷ್ಟು? ನಾಲ್ಕು ವಾರ, 2,440 ಅನ್ನುತ್ತೀಯ. ಅಲ್ಲೇ ಎಡವೋದು. ವರ್ಷಕ್ಕೆ ನಲವತ್ತೆಂಟು ವಾರ ಅಲ್ಲಪ್ಪ, ಐವತ್ತೆರಡು. ವರ್ಷಕ್ಕೆ 31,720 ಕಟ್ಟಬೇಕು, ಹನ್ನೆರಡಕ್ಕೆ ಭಾಗಿಸಿದರೆ ತಿಂಗಳಿಗೆ 2,643. ಆ 4,500ರಲ್ಲಿ ಇದನ್ನು ಕಳೆ. ಉಳಿದದ್ದು 1,857. ದಿನಕ್ಕೆ ಅರವತ್ತೆರಡು ರೂಪಾಯಿ!

ಅಂದರೆ ನಿನ್ನ ಹೆಂಡತಿ ನಿನ್ನ ಬೈಕಿನ ಕಂತು ಕಟ್ಟಿ, ಮಿಕ್ಕ ಅರವತ್ತೆರಡು ರೂಪಾಯಿಯಲ್ಲಿ ಹಾಲು, ತರಕಾರಿ, ಎಣ್ಣೆ, ಸೋಪು, ಸಿಲಿಂಡರು ಎಲ್ಲ ತೂಗಿಸುತ್ತಿದ್ದಾಳೆ. ರೇಷನ್ ಅಕ್ಕಿ ಇರುವುದರಿಂದ ಒಲೆ ಉರಿಯುತ್ತಿದೆ, ಅಷ್ಟೆ. ದುಂದು ಅಂದೆಯಲ್ಲ, ಈ ಹೆಣ್ಣುಮಗಳನ್ನು ನಮ್ಮ ಯಾವುದಾದರೂ ಚಿತ್ರ ನಿರ್ಮಾಪಕರು ಪ್ರೊಡಕ್ಷನ್ ಮ್ಯಾನೇಜರ್ ಮಾಡಿಕೊಂಡರೆ ಉದ್ಧಾರವಾಗುತ್ತಾರೆ.

ಇನ್ನು ನಿನ್ನ ಪಾಲು. ಅಪ್ಪನಿಗೆ 3,000, ಪೆಟ್ರೋಲು 2,500, ಮನೆಗೆ 4,500. ಕೂಡಿದರೆ ಹತ್ತು ಸಾವಿರ. ಬಾಕಿ 6,500 ಎಲ್ಲಿ ಹೋಯಿತು? ಎರಡು ಹಾಳೆ ಬರೆದಿದ್ದೀಯ, ಅದರ ಸುದ್ದಿಯೇ ಇಲ್ಲ. ಕಳ್ಳ ಅಂತ ನಾನು ಹೇಳುತ್ತಿಲ್ಲ. ಶಿಫ್ಟು ಮುಗಿದ ಮೇಲೆ ಕಾಫಿ, ಬೋಂಡಾ, ನಾಲ್ಕು ಜನ ಗೆಳೆಯರು, ಮೊಬೈಲ್ ರೀಚಾರ್ಜು, ಭಾನುವಾರದ ಮಟನ್ನು, ಯಾರದೋ ಮದುವೆಗೆ ಮುಯ್ಯಿ. ದಿನಕ್ಕೆ ನಲವತ್ತು ರೂಪಾಯಿಯ ಕಾಫಿ ತಿಂಡಿ ಅಂದರೆ ಇಪ್ಪತ್ತಾರು ದಿನದ ಕೆಲಸಕ್ಕೆ 1,040 ಆಗುತ್ತೆ. ತಪ್ಪೇನಿಲ್ಲ, ದುಡಿಯುವ ಮೈ ಕೇಳುತ್ತೆ. ಆದರೆ ಅರವತ್ತೆರಡು ರೂಪಾಯಿಯವಳಿಗೆ ಲೆಕ್ಕ ಕೇಳುವವನು ಆರೂವರೆ ಸಾವಿರಕ್ಕೆ ಲೆಕ್ಕ ಇಡಬೇಡವೇ?

ಸಿನಿಮಾ ನೋಡಿ ಕೆಟ್ಟಿರಿ ಅಂತ ನಿಮ್ಮ ತಾತಂದಿರು ಬೈಯುತ್ತಿದ್ದರು. ನಾನು ಹಾಗೆ ಬೈಯುವವನಲ್ಲ, ಇದೇ ನನ್ನ ಅನ್ನ. ಆದರೂ ಒಂದು ಮಾತು. 1971ರ ‘ಕಸ್ತೂರಿ ನಿವಾಸ’ ನೋಡದ ಕನ್ನಡಿಗ ಉಂಟೇ? ಬೆಂಕಿಪೊಟ್ಟಣದ ಕಾರ್ಖಾನೆಯ ಯಜಮಾನ ಕೊಟ್ಟು ಕೊಟ್ಟೇ ಬರಿಗೈಯಾಗುವ ಕಥೆ. ನಾವೆಲ್ಲ ಟಾಕೀಸಿನಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡವರೇ. ಆದರೆ ಗಮನಿಸಿದ್ದೀರಾ, ಆ ಕಥೆಯಲ್ಲಿ ನಾಯಕನ ಪಕ್ಕ ಕೂತು ‘ರೀ, ಈ ತಿಂಗಳು ಎಷ್ಟು ಉಳೀತು?’ ಅಂತ ಕೇಳುವ ಹೆಂಡತಿ ಇಲ್ಲ! ಇದ್ದಿದ್ದರೆ ಮೂರನೇ ರೀಲಿಗೇ ಕಥೆ ಬೇರೆ ದಾರಿ ಹಿಡಿಯುತ್ತಿತ್ತು.

ಆ ಪಾತ್ರ ಮಾಡಿದ ಅಣ್ಣಾವ್ರ ಮನೆಯಲ್ಲಿ ಮಾತ್ರ ಅಂಥ ಹೆಂಡತಿ ಇದ್ದರು. ಕವಲಂದೆಯ ಹುಡುಗನಿಗೆ ಇದು ಪಕ್ಕದ ಊರಿನ ಕಥೆಯೇ. ರಾಜಕುಮಾರ್ ಅವರೂ ಸಾಲಿಗ್ರಾಮದ ಪಾರ್ವತಮ್ಮನವರೂ ಮದುವೆಯಾದದ್ದು ನಂಜನಗೂಡಿನಲ್ಲೇ, 1953ರ ಜೂನ್ 25ರಂದು. ಆಗ ಅವರು ‘ರಾಜಕುಮಾರ್’ ಅಲ್ಲ, ಗಾಜನೂರಿನ ಮುತ್ತುರಾಜ, ನಾಟಕದ ಕಂಪನಿಯ ನಟ. ‘ಬೇಡರ ಕಣ್ಣಪ್ಪ’ ತೆರೆಗೆ ಬಂದದ್ದು ಮರುವರ್ಷ, 1954ರಲ್ಲಿ. ಆಮೇಲಿನದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೆಸರು ಬಂತು, ದುಡ್ಡು ಬಂತು, ಮನೆ ತುಂಬ ಜನ. ಗಾಂಧಿನಗರದಲ್ಲಿ ಎಲ್ಲರಿಗೂ ತಿಳಿದಿದ್ದ ವಿಷಯವೆಂದರೆ ವ್ಯವಹಾರದ ಮಾತಿದ್ದರೆ ಪಾರ್ವತಮ್ಮನವರ ಹತ್ತಿರ ಹೋಗಬೇಕು ಅನ್ನುವುದು. 1975ರಲ್ಲಿ ‘ತ್ರಿಮೂರ್ತಿ’ ಚಿತ್ರದಿಂದ ಆಕೆಯೇ ನಿರ್ಮಾಪಕಿಯಾದರು. ಮನೆಯ ಸಂಪಾದನೆ ಎಷ್ಟು ಅಂತ ತಿಳಿಯದೆ ಯಾವ ಹೆಂಗಸೂ ಚಿತ್ರ ತೆಗೆಯಲಾರಳು, ಸಾರು ಮಾಡಲೂ ಆರಳು. ಅಷ್ಟು ದೊಡ್ಡ ನಟರಿಗೆ ಹೆಂಡತಿಗೆ ಲೆಕ್ಕ ಒಪ್ಪಿಸುವುದರಲ್ಲಿ ಮಾನ ಹೋಗಲಿಲ್ಲ. ಹದಿನಾರೂವರೆ ಸಾವಿರದವನಿಗೆ ಯಾಕೆ ಹೋಗುತ್ತೆ?

ಈಗ ಸಾಲದ ವಿಷಯಕ್ಕೆ ಬರೋಣ, ಯಾಕೆಂದರೆ ನಿಜವಾದ ಅಪಾಯ ಇರುವುದು ಅಲ್ಲಿ. 2025ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಓದಿರಬೇಕು ನೀನು, ನಿನ್ನ ತಾಲ್ಲೂಕಿನದೇ ಸುದ್ದಿ. ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ, ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿ, ಮೈಕ್ರೋ ಫೈನಾನ್ಸ್ ಕಂತು ಕಟ್ಟಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಸಂಸಾರಗಳು. ಆತ್ಮಹತ್ಯೆಗಳೂ ಆದವು. ಬಲವಂತದ ವಸೂಲಿ ತಡೆಯಲು ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಕಾಯ್ದೆಯೂ ಆಯಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆದರೆ ಇದು ಸಾಲ ಮನ್ನಾ ಅಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲವನ್ನು ಕಟ್ಟಲೇಬೇಕು.

ಈ ಸಂಸಾರಗಳು ಒಂದೇ ದಿನದಲ್ಲಿ ಮುಳುಗುವುದಿಲ್ಲ. ಮೇಲೆ ಹೇಳಿದೆನಲ್ಲ, ವರ್ಷದಲ್ಲಿ ಆ ನಾಲ್ಕು ಹೆಚ್ಚಿನ ವಾರ. ಸಂಬಳ ತಿಂಗಳಿಗೆ ಒಂದು ಸಲ ಬರುತ್ತೆ, ಕಂತು ವಾರ ವಾರ ಬರುತ್ತೆ. ಐದು ಕಂತು ಬೀಳುವ ತಿಂಗಳಲ್ಲಿ ಐದನೆಯದಕ್ಕೆ ಕೈ ಖಾಲಿ. ಸಂಘದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರ ಕುತ್ತಿಗೆಗೆ ಬರುತ್ತೆ, ಅವರೆಲ್ಲ ಅದೇ ಬೀದಿಯವರು, ಮುಖ ನೋಡಬೇಕಾದವರು. ಅವಮಾನ ತಾಳಲಾರದೆ ಅವಳು ಇನ್ನೊಂದು ಕಂಪನಿಯಲ್ಲಿ ಸಹಿ ಹಾಕುತ್ತಾಳೆ. ಮೊದಲ ಸಾಲ ತೀರಿಸಲು ಎರಡನೆಯದು, ಎರಡನೆಯದಕ್ಕೆ ಮೂರನೆಯದು. ಗಂಡನಿಗೆ ಹೇಳುವುದಿಲ್ಲ. ಹೇಳಿದರೆ ‘ದುಂದು’ ಅನ್ನುತ್ತಾನಲ್ಲ! ನಿನ್ನ ಹೆಂಡತಿ ಅಲ್ಲಿಗೆ ಹೋಗಿದ್ದಾಳೆ ಅಂತ ನಾನು ಹೇಳುತ್ತಿಲ್ಲ. ಸಂಜೆಯ ಹೊತ್ತು ‘ಸಾಲದು’ ಅಂತ ಬಾಯಿಬಿಟ್ಟು ಹೇಳುತ್ತಿದ್ದಾಳೆ, ಅದೇ ನಿನ್ನ ಪುಣ್ಯ.

ಬಡ್ಡಿ ಎಷ್ಟು ಅಂತ ಗೊತ್ತೇನಪ್ಪ ನಿನಗೆ? 610ರಂತೆ 104 ವಾರಕ್ಕೆ 63,440. ಬಡ್ಡಿ 13,440, ವರ್ಷಕ್ಕೆ ನೂರಕ್ಕೆ ಹದಿಮೂರೂವರೆ ಅಂತ ಕಾಣುತ್ತೆ, ಪರವಾಗಿಲ್ಲ ಅನ್ನಿಸುತ್ತೆ. ಆದರೆ ಐವತ್ತು ಸಾವಿರವೂ ಎರಡು ವರ್ಷ ನಿಮ್ಮ ಕೈಯಲ್ಲಿ ಇರುವುದಿಲ್ಲವಲ್ಲ, ವಾರ ವಾರ ಅಸಲೂ ವಾಪಸು ಹೋಗುತ್ತಿರುತ್ತೆ. ಉಳಿದ ಅಸಲಿಗೆ ಲೆಕ್ಕ ಹಾಕಿದರೆ ಇದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ವರ್ಷಕ್ಕೆ ಇಪ್ಪತ್ತನಾಲ್ಕು. ಊರ ಕಡೆ ಎರಡು ರೂಪಾಯಿ ಬಡ್ಡಿ ಅನ್ನುತ್ತೀವಲ್ಲ, ಅದೇ. ನಿಜವಾದ ಬಡ್ಡಿ ಎಷ್ಟು ಅಂತ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಇದೆ. ಸಾಲದ ಕಾರ್ಡು ಕೊಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ವಸೂಲಿಗೆ ಫೋನ್ ಮಾಡುವ ಹಾಗಿಲ್ಲ. ಇನ್ನೊಂದು ನಿಯಮ ಕೇಳು, ಒಂದು ಸಂಸಾರ ಕಟ್ಟುವ ಎಲ್ಲಾ ಕಂತು ಸೇರಿ ಆ ಸಂಸಾರದ ತಿಂಗಳ ವರಮಾನದ ಅರ್ಧ ಮೀರಬಾರದು. ನಿನ್ನ ಸಂಬಳಕ್ಕೆ ಹಿಡಿದರೆ ಎಲ್ಲಾ ಸರಿಯಾಗಿದೆ. ಅವಳ ಕೈಗೆ ಬರುವ 4,500ಕ್ಕೆ ಹಿಡಿದು ನೋಡು, ಅರ್ಧಕ್ಕಿಂತ ಜಾಸ್ತಿಯೇ ಕಂತಿಗೆ ಹೋಗುತ್ತಿದೆ.

‘ಸರ್ಕಾರ ಹೆಂಗಸರಿಗೆ ಎರಡು ಸಾವಿರ ಕೊಡುತ್ತಲ್ಲ, ಅದೇನು ಮಾಡ್ತಾಳೆ?’ ಅಂತಲೂ ಕೇಳಿದ್ದೀಯ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾದ ಗೃಹಲಕ್ಷ್ಮಿ ಅದು. ಒಂದು ರೇಷನ್ ಕಾರ್ಡಿಗೆ ಒಬ್ಬಳೇ ಯಜಮಾನಿ. ನಿನ್ನ ಮನೆಯ ಕಾರ್ಡಿನಲ್ಲಿ ಯಜಮಾನಿ ನಿನ್ನ ತಾಯಿ ತಾನೇ? ಹಾಗಾದರೆ ಆ ದುಡ್ಡು ಅತ್ತೆಯ ಖಾತೆಗೆ, ಸೊಸೆಗೆ ಅಲ್ಲ. ಅಮ್ಮನ ಹತ್ತಿರ ಅದನ್ನು ಕಿತ್ತುಕೊಳ್ಳಲು ಹೋಗಬೇಡ. ಆಕೆಗೂ ಈ ವಯಸ್ಸಿನಲ್ಲಿ ಎಲೆ ಅಡಿಕೆಗೆ, ಮೊಮ್ಮಗು ಬಂದರೆ ಒಂದು ಬೆಳ್ಳಿ ಗೆಜ್ಜೆಗೆ ತನ್ನದು ಅಂತ ನಾಲ್ಕು ಕಾಸು ಬೇಡವೇ? ಕೇಳಿದರೆ ತಾನಾಗಿ ಸಿಲಿಂಡರಿಗೆ ಕೊಟ್ಟಾರು. ಕೇಳುವ ರೀತಿಯಲ್ಲಿ ಇದೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ವಿದ್ಯೆಯೇನಲ್ಲ. ಈ ತಿಂಗಳು ಸಂಬಳ ಬಂದ ದಿನ ಮೊಬೈಲಿನ ಮೆಸೇಜನ್ನು ಅವಳಿಗೆ ತೋರಿಸು. ಅವಳೆದುರೇ ಮೊದಲು 3,050 ಎತ್ತಿಡು. ಐದು ವಾರದ ಕಂತು ಅದು, ನಾಲ್ಕು ವಾರದ್ದಲ್ಲ. ನಾಲ್ಕೇ ವಾರ ಬಿದ್ದ ತಿಂಗಳು ಉಳಿಯುವ 610 ಸಾಸಿವೆ ಡಬ್ಬಿಗೆ ಹೋಗಲಿ. ಆ ಡಬ್ಬಿಗೆ ನೀನು ಕೈ ಹಾಕಕೂಡದು, ಜ್ವರ ಬಂದಾಗ ಅದೇ ನಿನಗೆ ಮಾತ್ರೆ ತರೋದು. ಆಮೇಲೆ ಮನೆ ಖರ್ಚಿನ 4,500 ಒಟ್ಟಿಗೇ ಕೈಗೆ ಕೊಡು. ದಿನಾ 150 ಎಣಿಸಿ ಕೊಟ್ಟರೆ ಎಣ್ಣೆಯನ್ನು ಪ್ಯಾಕೆಟ್ ಪ್ಯಾಕೆಟ್ಟಾಗಿ, ಸಕ್ಕರೆಯನ್ನು ಕಾಲು ಕೇಜಿಯಾಗಿ ತರಬೇಕು, ಒಂದೊಂದರಲ್ಲೂ ನಷ್ಟ. ತಿಂಗಳ ಸಾಮಾನು ಒಟ್ಟಿಗೆ ತಂದರೆ ಅಂಗಡಿಯವನೂ ಎರಡು ಕಾಸು ಬಿಡುತ್ತಾನೆ. ನಿನ್ನ ಕೈಯಲ್ಲಿ ಆಗ ಉಳಿಯುವುದು 3,450. ಕಾಫಿ, ರೀಚಾರ್ಜು, ಮಟನ್ನು ಎಲ್ಲಾ ಅದರಲ್ಲೇ. ಕಷ್ಟ ಆಗುತ್ತೆ, ನನಗೆ ಗೊತ್ತು. ಅವಳು ಒಬ್ಬಳೇ ಪಡುತ್ತಿದ್ದ ಕಷ್ಟ, ಇನ್ನು ಮೇಲೆ ಇಬ್ಬರದು.

ಪೆಟ್ರೋಲಿನ ಬಗ್ಗೆ ಒಂದು ಮಾತು. ಮೈಸೂರು–ಚಾಮರಾಜನಗರ ರೈಲು ನಿಮ್ಮ ಕವಲಂದೆಯಲ್ಲಿ ನಿಲ್ಲುತ್ತೆ. ಕವಲಂದೆಯಿಂದ ನಂಜನಗೂಡಿಗೆ ತಿಂಗಳ ಪಾಸು ಮಾಡಿಸಿದರೆ 2,500ರ ಕಾಲುಭಾಗವೂ ಆಗುವುದಿಲ್ಲ. ಶಿಫ್ಟಿನ ಹೊತ್ತಿಗೂ ರೈಲಿನ ಹೊತ್ತಿಗೂ ಹೊಂದದಿದ್ದರೆ ಬೇರೆ ಮಾತು. ವಾರದಲ್ಲಿ ಮೂರು ದಿನ ಹೊಂದಿದರೂ ಲಾಭವೇ.

ಸಾಲದ ಕಾರ್ಡು ತರಿಸಿ ನೋಡು. ಎಷ್ಟು ಕಂತು ಮುಗಿದಿದೆ, ಎಷ್ಟು ಉಳಿದಿದೆ, ಒಂದೇ ಕಾರ್ಡೋ ಎರಡೋ. ಎರಡಿದ್ದರೆ ಸಿಟ್ಟು ಮಾಡಬೇಡ, ಎರಡನೆಯದೂ ನಿನ್ನ ಬೈಕಿನ ಸಾಲವೇ ಅಂತ ತಿಳಿ. ಅದು ತೀರುವವರೆಗೆ ಹೊಸ ಸಹಿ ಬೇಡ, ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪುಗಳಂತೂ ಬೇಡವೇ ಬೇಡ.

ಕಡೆಯ ಪ್ರಶ್ನೆ ಉಳಿಯಿತು. ನಿನ್ನ ನೆಚ್ಚಿನ ನಟನ ಚಿತ್ರ ಬರುತ್ತಿದೆ, ಕಟೌಟಿನ ಹಾರಕ್ಕೆ ಅಭಿಮಾನಿ ಸಂಘದವರು ತಲೆಗೆ 500 ಕೇಳಿದ್ದಾರೆ, ಹೆಂಡತಿಗೆ ಹೇಳದೆ ಕೊಡಲೇ ಅಂತ. ಹೇಳದೆ ಕೊಡಬೇಡ. 100 ಕೊಡು, ಹಾರದಲ್ಲಿ ನಾಲ್ಕು ಹೂವು ಕಡಿಮೆಯಾದರೆ ಯಾವ ನಟನೂ ಮುನಿಸಿಕೊಳ್ಳುವುದಿಲ್ಲ. ಉಳಿದ 400ರಲ್ಲಿ ಒಂದು ಭಾನುವಾರ ಅವಳನ್ನೂ ಕರೆದುಕೊಂಡು ಟಾಕೀಸಿಗೆ ಹೋಗು. ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ದುಡ್ಡಿಲ್ಲ, ಕೊಡುವುದು ನಿನ್ನೊಬ್ಬನದು. ಚಿತ್ರ ಹೇಗಿತ್ತು ಅಂತ ನನಗೆ ಕಾಗದ ಬರೆಯುವುದಿದ್ದರೆ ಈ ಸಲ ಅವಳ ಕೈಯಲ್ಲಿ ಬರೆಸು.