ದೇಶ ಆಮ್ಯಾಲೆ ಆರಿಸ್ರಿ, ಕೆಲಸ ಮೊದಲ ಆರಿಸ್ರಿ

ಈ ವಾರ ಅಕ್ಕಿ ಸಂಡಗಿ ಬಗ್ಗೆ ಬರೀತೀನಂತ ಹೇಳಿದ್ದೆ. ಅದು ಬಿಸಿಲಿದ್ದಷ್ಟು ದಿನ ಎಲ್ಲೂ ಓಡಿ ಹೋಗೂದಿಲ್ಲ, ಮುಂದಿನ ವಾರಕ್ಕ ಇರಲಿ. ಪಿಯುಸಿ ರಿಸಲ್ಟ್ ಬಂದಾಗಿಂದ ನನ್ನ ಫೋನಿಗೆ ಒಂದಽ ಪ್ರಶ್ನೆ. "ಅಕ್ಕಾ, ಹುಡುಗ ಹೊರಗ ಹೋಗ್ತೀನಿ ಅಂತಾನ, ಯಾವ ದೇಶ ಛಲೋ?" ವೈನಿಯವರೂ ಇದನ್ನ ಕೇಳಿದ್ರು, ಹಿಂದಿನ ಓಣಿ ಕಾಕೂನೂ ಇದನ್ನ ಕೇಳಿದ್ರು. ಈ ಪ್ರಶ್ನೆನಽ ತಪ್ಪು ಅಂತ ನನಗ ಅನಸ್ತದ. ಯಾವ ಕೆಲಸ ಕಲೀಬೇಕು ಅಂತ ಮೊದಲ ಕೇಳ್ರಿ. ಕೆಲಸ ಕೈಯಾಗಿದ್ರ ದೇಶ ತಾನಾಗಿ ಗೊತ್ತಾಗ್ತದ. ಕೈಯಾಗ ಕೆಲಸ ಇಲ್ಲಂದ್ರ ಯಾವ ದೇಶಾನೂ ಛಲೋ ಅಲ್ಲ.

ಯಾಕ ಹೇಳ್ತೀನಂದ್ರ, ನಮ್ಮ ಓಣ್ಯಾಗ ಒಬ್ಬ ಅಕ್ಕಾರು ಮಗನ್ನ ಕೆನಡಾಕ್ಕ ಹೋಟೆಲ್ ಮ್ಯಾನೇಜ್ಮೆಂಟ್ ಡಿಪ್ಲೊಮಾಕ್ಕ ಕಳಸಬೇಕಂತ ಮನಿ ಒತ್ತಿ ಇಡೂ ಮಾತಾಡ್ಲಿಕತ್ತಾರ. ಏಜೆಂಟ್ ಹೇಳ್ಯಾನಂತ, ಎರಡು ವರ್ಷ ಓದಿದ್ರ ಸಾಕು, ಆಮ್ಯಾಲೆ ಮೂರು ವರ್ಷ ಕೆಲಸ, ಆಮ್ಯಾಲೆ ಅಲ್ಲೇ ಖಾಯಂ. ಆ ಮಾತು ಒಂದು ಕಾಲಕ್ಕ ಖರೇನಽ ಇತ್ತು. ಆದ್ರ 2024ರ ನವೆಂಬರ್ 1ರ ನಂತರ ಓದೂ ಪರ್ಮಿಟ್ಟಿಗೆ ಅರ್ಜಿ ಹಾಕಿದವರಿಗೆ ನಿಯಮ ಬದಲಾಗ್ಯದ. ಡಿಗ್ರಿ ಅಲ್ಲದ ಕೋರ್ಸ್ ಮಾಡಿದವರಿಗೆ ಓದು ಮುಗದ ಮ್ಯಾಲೆ ಕೆಲಸದ ಪರ್ಮಿಟ್ ಸಿಗಬೇಕಾದ್ರ, ಆ ಕೋರ್ಸು ಅವರಿಗೆ ಮಂದಿ ಕಡಿಮಿ ಬಿದ್ದ ಕೆಲಸದ್ದಿರಬೇಕು. ಆಸ್ಪತ್ರೆ, ಬಡಗಿತನ, ಕರೆಂಟು, ಪ್ಲಂಬಿಂಗ್, ಇಂಥಾವು. ಹೋಟೆಲ್ ಮ್ಯಾನೇಜ್ಮೆಂಟ್ ಆ ಪಟ್ಟಿಯೊಳಗ ಇರಲಿಲ್ಲ. ಇದರ ಮ್ಯಾಲೆ ಹುಡುಗನ ಖರ್ಚಿಗಂತ ತೋರಿಸಬೇಕಾದ ರೊಕ್ಕ, ಮೊದಲ 10,000 ಕೆನಡಾ ಡಾಲರ್ ಇದ್ದದ್ದು, 2024ರ ಜನವರಿಯಿಂದ 20,635 ಆತು, ಈಗ ಇನ್ನೂ ಏರ್ಯದ. ನಮ್ಮ ಲೆಕ್ಕದಾಗ ಹನ್ನೆರಡು ಲಕ್ಷದ ಮ್ಯಾಲಽ ಆತಲ್ಲ. ಫೀ ಬ್ಯಾರೆ. ಏಜೆಂಟ್ ಇದನ್ನ ಹೇಳೂದಿಲ್ಲ, ಅವಗ ಕಾಲೇಜಿನಿಂದ ಕಮಿಷನ್ ಬಂದ್ರ ಆತು.

ಅದಕ್ಕಽ ನನ್ನ ಮಾತೇನಂದ್ರ, ಅಲ್ಲಿ ಹೋಗಿ ಸಾಲದಾಗ ಕಲಿಯೂಕಿಂತ, ಇಲ್ಲೇ ಕಡಿಮಿ ರೊಕ್ಕದಾಗ ಕಲತು, ಭಾಷಾನೂ ಇಲ್ಲೇ ಕಲತು, ಆಮ್ಯಾಲೆ ಹೋಗ್ರಿ. ಇಲ್ಲಾಂದ್ರ ಕಲಿಯೂವಾಗನಽ ಪಗಾರ ಕೊಡೂ ಕಡೆ ಹೋಗ್ರಿ.

ಪಗಾರ ಕೊಟ್ಟು ಕಲಸ್ತಾರೇನು ಅಂತ ಕೇಳಬ್ಯಾಡ್ರಿ, ಕಲಸ್ತಾರ. ಜರ್ಮನಿಯೊಳಗ ಔಸ್‌ಬಿಲ್ಡುಂಗ್ ಅಂತದ. (ಹೆಸರು ಹೇಳೂದ್ರಾಗ ಎರಡು ಸಲ ನಾಲಿಗಿ ಕಚ್ಚಿಕೊಂಡೀನಿ.) ವಾರದಾಗ ಸ್ವಲ್ಪ ದಿನ ಸಾಲಿ, ಉಳದ ದಿನ ಕೆಲಸದ ಜಾಗಾ. ನರ್ಸಿಂಗ್ ಆದ್ರ ಮೂರು ವರ್ಷ, ಎಲೆಕ್ಟ್ರಿಷಿಯನ್ ಆದ್ರ ಮೂರೂವರಿ ವರ್ಷ. ಅಲ್ಲಿಯ ಸರಕಾರಿ ಆಸ್ಪತ್ರೆಗಳ ಒಪ್ಪಂದದ ಪ್ರಕಾರ ನರ್ಸಿಂಗ್ ಕಲಿಯೂವರಿಗೆ 2024ರಾಗ ಮೊದಲನೇ ವರ್ಷನಽ ತಿಂಗಳಿಗೆ 1,300 ಯುರೋಕ್ಕಿಂತ ಮ್ಯಾಲೆ ಇತ್ತು. ಇಷ್ಟೂ ಕೈಗೆ ಬರೂದಿಲ್ಲ, ತೆರಿಗಿ, ವಿಮಾ ಅಂತ ಮುರಕೊಳ್ತಾರ. ಆದ್ರೂ ಊಟ, ಬಾಡಗಿ ನಡೀತದ, ಅಪ್ಪ ಹೊಲ ಮಾರೂದು ತಪ್ತದ.

ಆದ್ರ ಇದಕ್ಕ ಒಂದು ಕಾಯಿದೆ ಅದ, ಜರ್ಮನ್ ಭಾಷಾ ಬರಬೇಕು. ಎ1, ಎ2, ಬಿ1, ಬಿ2 ಅಂತ ಮೆಟ್ಟಲಾವು. ಕಲಿಯೂ ವೀಸಾಕ್ಕ ಸಾಮಾನ್ಯವಾಗಿ ಬಿ1 ಕೇಳ್ತಾರ, ನರ್ಸಿಂಗಿಗೆ ಎಷ್ಟೋ ಆಸ್ಪತ್ರೆಯವರು ಬಿ2ನಽ ಬೇಕಂತಾರ. ದಿನಾ ಕೂತು ಓದಿದ್ರೂ ಅಲ್ಲಿ ಮುಟ್ಟಲಿಕ್ಕೆ ಒಂದು ವರ್ಷ ಹಿಡೀತದ, ಹೆಚ್ಚೂ ಹಿಡೀತದ. "ಮೂರು ತಿಂಗಳದಾಗ ಬಿ2 ಗ್ಯಾರಂಟಿ" ಅಂತ ಬೋರ್ಡ್ ಹಾಕಿದವರ ಮೆಟ್ಟಲ ಸೈತ ಹತ್ತಬ್ಯಾಡ್ರಿ. ಪರೀಕ್ಷಾ ಕಟ್ಟೂ ಗೋಯೆಥೆ ಇನ್ಸ್ಟಿಟ್ಯೂಟ್ ಬೆಂಗಳೂರಾಗದ, ನಮ್ಮ ಬೆಳಗಾವಿ ಕಡೆಯವರಿಗೆ ಅದಕ್ಕಿಂತ ಸಮೀಪ ಪುಣೆದಾಗದ. ಮ್ಯಾಕ್ಸ್ ಮ್ಯುಲ್ಲರ್ ಭವನ ಅಂದ್ರ ಅದಽ.

ಈಗ ಇಲ್ಲೇ ಕಲಿಯೂ ಮಾತು. ನನ್ನ ತಂಗಿ ಮಗಳು ಪಿಯುಸಿ ಆರ್ಟ್ಸ್ ಮಾಡ್ಯಾಳ, ನೂರಕ್ಕ 58. ಅಕಿ ಹೊರಗ ಹೋಗ್ತೀನಿ ಅಂತಾಳ. ಆರ್ಟ್ಸ್‌ನಾಕಿ ಎಲ್ಲಿ ಹೋಗ್ತಾಳಂತ ನಮ್ಮ ಮಾಮಿ ನಕ್ರು. ನಾನು ತಂಗಿಗೆ ಹೇಳಿದ್ದು, ಜಿಎನ್‌ಎಂ ಹಚ್ಚು. ಬಿಎಸ್ಸಿ ನರ್ಸಿಂಗಿಗೆ ಸಾಯನ್ಸ್ ಬೇಕು, ನಾಲ್ಕು ವರ್ಷ. ಜಿಎನ್‌ಎಂಗೆ ಯಾವ ವಿಭಾಗದ ಪಿಯುಸಿ ಆದ್ರೂ ನಡೀತದ, ಮೂರು ವರ್ಷ. ಎಎನ್‌ಎಂ ಅಂತ ಇನ್ನೊಂದದ, ಎರಡು ವರ್ಷದ್ದು, ಇನ್ನೂ ಅಗ್ಗ. ಊರಾಗ ಆರೋಗ್ಯ ಕೇಂದ್ರದಾಗ ಕೆಲಸ ಮಾಡೂದಾದ್ರ ಛಲೋನಽ. ಹೊರಗ ಹೋಗೂದಾದ್ರ ಬ್ಯಾಡ, ಅಲ್ಲಿ ನರ್ಸ್ ಅಂದ್ರ ಮೂರು ವರ್ಷ ಕಲತವರು. ಒಂದು ವರ್ಷ ಉಳಸಲಿಕ್ಕೆ ಹೋಗಿ ಇಡೀ ದಾರಿನಽ ಕಟ್ಟಾಗಬಾರದಲ್ಲ. ಕಾಲೇಜ್ ನೋಡೂವಾಗ ಕಟ್ಟಡ ನೋಡಬ್ಯಾಡ್ರಿ, ಭಾರತೀಯ ನರ್ಸಿಂಗ್ ಕೌನ್ಸಿಲ್ಲೂ, ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲ್ಲೂ ಮಾನ್ಯ ಮಾಡ್ಯಾವೇನು ನೋಡ್ರಿ. ಮತ್ತ ಅವರದ್ದಽ ಆಸ್ಪತ್ರೆ ಅದನೋ, ಹುಡುಗ್ಯಾರು ವಾರ್ಡಿನಾಗ ನಿಲ್ತಾರೋ, ಬರೇ ಕ್ಲಾಸಿನಾಗ ಕೂಡ್ತಾರೋ, ಅಲ್ಲೇ ಓದೂ ಹುಡುಗಿನ್ನ ಕ್ಯಾಂಟೀನದಾಗ ಹಿಡದು ಕೇಳ್ರಿ. ಪ್ರಿನ್ಸಿಪಾಲರು ಹೇಳೂದಕ್ಕಿಂತ ಅದು ಖರೇ ಇರ್ತದ.

ಇಲ್ಲಿ ಕಲತು ಜರ್ಮನಿಗೆ ಹೋದ್ರ ಮರುದಿನಽ ನರ್ಸ್ ಅನ್ನೂದಿಲ್ಲ ಅವರು. ನಮ್ಮ ಸರ್ಟಿಫಿಕೇಟ್ ನೋಡಿ, ಇದಿಷ್ಟು ಕಡಿಮಿ ಬಿದ್ದದ ಅಂತ ಬರದು ಕೊಡ್ತಾರ. ಆಮ್ಯಾಲೆ ಅಲ್ಲೇ ಕೆಲವು ತಿಂಗಳು ತರಬೇತಿ ಇಲ್ಲಾ ಒಂದು ಪರೀಕ್ಷಾ. ಅಲ್ಲೀತನಕ ಸಹಾಯಕಿ ಅಂತ ಕೆಲಸ, ಪಗಾರ ಕಡಿಮಿ. ಇದು ಗೊತ್ತಿದ್ದು ಹೋದಾಕಿ ಗಟ್ಟಿ ಇರ್ತಾಳ, ಗೊತ್ತಿಲ್ದ ಹೋದಾಕಿ ಅವ್ವಗ ಫೋನ್ ಹಚ್ಚಿ ಅಳ್ತಾಳ.

ಹುಡುಗೂರಿಗೆ, ಮತ್ತ ಮನಸ್ಸಿದ್ದ ಹುಡುಗ್ಯಾರಿಗೂ, ಐಟಿಐ. ಹೌದ್ರಿ, ಐಟಿಐ. ಮೂಗು ಮುರೀಬ್ಯಾಡ್ರಿ. ಸರಕಾರಿ ಐಟಿಐ ಫೀ ನಮ್ಮ ಒಂದು ಇಳಕಲ್ ಸೀರಿ ಖರ್ಚಿನಾಗ ಬರ್ತದ. ಆದ್ರ ಟ್ರೇಡ್ ಆರಿಸೂದ್ರಾಗ ಒಂದು ಗುಟ್ಟದ. ಎಲೆಕ್ಟ್ರಿಷಿಯನ್, ಫಿಟ್ಟರ್ ಇವು ಎರಡು ವರ್ಷದ್ದು, ವೆಲ್ಡರ್ ಒಂದಽ ವರ್ಷದ್ದು. ಮನ್ಯಾಗ ಎಲ್ಲಾರೂ ಲಗೂನ ಮುಗೀತದಂತ ಒಂದು ವರ್ಷದ್ದು ಹಚ್ತಾರ. ಜರ್ಮನಿ 2024ರ ಜೂನ್‌ದಿಂದ ಕೆಲಸ ಹುಡುಕ್ಕೊಂಡು ಬರೂವರಿಗೆ ಚಾನ್ಸೆನ್‌ಕಾರ್ಟೆ ಅಂತ ಒಂದು ಕಾರ್ಡ್ ತಂದದ. ಅದಕ್ಕ ಕೇಳೂದಽ ಕಡಿಮಿ ಅಂದ್ರ ಎರಡು ವರ್ಷದ, ತನ್ನ ದೇಶದಾಗ ಮಾನ್ಯ ಇದ್ದ ಕೆಲಸದ ಕಲಿಕಿ. ಕಂಪನಿಯವರು ಕರದು, ಸರ್ಟಿಫಿಕೇಟ್ ಮಾನ್ಯ ಮಾಡ್ಸೂದು ಅಲ್ಲಿ ಹೋದ ಮ್ಯಾಲೆ ನಡೀಲಿ ಅನ್ನೂ ದಾರಿಗೂ ಅದಽ ಎರಡು ವರ್ಷ, ಜೋಡಿ ಎ2 ಜರ್ಮನ್. ಅಂದ್ರ 16ನೇ ವಯಸ್ಸಿನಾಗ ಒಂದು ಫಾರ್ಮಿನ ಮ್ಯಾಲೆ ಹಾಕಿದ ಒಂದು ಟಿಕ್ಕು, 25ನೇ ವಯಸ್ಸಿನಾಗ ಬಾಗಿಲ ತಗೀಬೇಕೋ ಮುಚ್ಚಬೇಕೋ ಅನ್ನೂದನ್ನ ಠರಾಯಿಸ್ತದ. ಆ ಫಾರ್ಮ್ ತುಂಬೂದು ನಾವು ತಾಯಂದಿರು, ಇಲ್ಲಾ ಪಕ್ಕದ ಮನಿ ಅಣ್ಣಾ.

ಎಸ್‌ಎಸ್‌ಎಲ್‌ಸಿ ಮ್ಯಾಲೆ ಜಿಟಿಟಿಸಿ ಅಂತನೂ ಒಂದದ, 1972ರಾಗ ಡೆನ್ಮಾರ್ಕ್ ಸರಕಾರದ ಸಹಾಯದಿಂದ ಶುರು ಆದದ್ದು, ಹುಬ್ಬಳ್ಳಿ, ಬೆಳಗಾವಿ ಎರಡೂ ಕಡೆ ಅದ. ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾ, ಮೂರು ವರ್ಷ ಕಲಿಯೂದು, ಒಂದು ವರ್ಷ ಫ್ಯಾಕ್ಟರಿಯೊಳಗ. ನನಗ ಗಂಡು ಮಗ ಇದ್ದಿದ್ರ ಕಣ್ಣು ಮುಚ್ಚಿ ಅಲ್ಲಿ ಹಾಕ್ತಿದ್ದೆ.

ಜಪಾನದ ಬಗ್ಗೆನೂ ಕೇಳ್ಯಾರ. 2019ರಿಂದ ಅಲ್ಲಿ ಕುಶಲ ಕೆಲಸಗಾರರಿಗೆ ಬ್ಯಾರೆ ವೀಸಾ ಅದ, ನಮ್ಮ ದೇಶದ ಜೋಡಿ 2021ರಾಗ ಒಪ್ಪಂದ ಆಗ್ಯದ. ಮುದುಕರನ್ನ ನೋಡ್ಕೊಳ್ಳೂ ಕೆಲಸ, ಹೊಲದ ಕೆಲಸ, ಕಟ್ಟಡದ ಕೆಲಸ. ಮೊದಲನೇ ದರ್ಜೆ ವೀಸಾದಾಗ ಐದು ವರ್ಷ, ಹೆಂಡತಿ ಮಕ್ಕಳನ್ನ ಕರಕೊಂಡು ಹೋಗೂಹಂಗಿಲ್ಲ. ಲಗ್ನ ಆದ ಹುಡುಗನ್ನ ಕಳಸೂವಾಗ ಸೊಸಿನ್ನೂ ಕೂಡಿಸಿಕೊಂಡು ಮಾತಾಡ್ರಿ, ಆಮ್ಯಾಲೆ ಅಲ್ಲ.

ಏಜೆಂಟರ ವಿಷಯ ಬಿಟ್ರ ನನಗ ಸಮಾಧಾನ ಇಲ್ಲ. ಹೊರದೇಶದ ಕೆಲಸಕ್ಕ ಮಂದಿ ಕಳಸೂವರಿಗೆ ಕೇಂದ್ರ ಸರಕಾರದ ಲೈಸನ್ಸ್ ಬೇಕು. ಇ-ಮೈಗ್ರೇಟ್ ವೆಬ್‌ಸೈಟಿನಾಗ ಅವರ ಹೆಸರು, ನಂಬರ್ ಇರ್ತದ, ಮೊಬೈಲ್‌ನಾಗನಽ ನೋಡಬಹುದು. ಅವರು ತಗೋಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತ ಜಿಎಸ್‌ಟಿ, ಅಷ್ಟಽ. ಮೂರು ಲಕ್ಷ, ಐದು ಲಕ್ಷ ಕೇಳಿದವನ ಮುಂದ ಈ ಅಂಕಿ ಹೇಳ್ರಿ, ಮಾರಿ ನೋಡ್ರಿ. "ವಿಸಿಟ್ ವೀಸಾದಾಗ ಹೋಗು, ಅಲ್ಲಿ ಬದಲಿ ಮಾಡಸ್ತೀನಿ" ಅಂದವನಿಗೆ ಚಹಾ ಸೈತ ಕೊಡಬ್ಯಾಡ್ರಿ.

"ಅಷ್ಟ ದೂರ ಹೆಣ್ಣು ಹುಡುಗಿ, ನರ್ಸ್ ಅಂದ್ರ ರಾತ್ರಿ ಡ್ಯೂಟಿ, ಮಂದಿ ಏನಂತಾರ" ಅಂತ ಮಾಮಿಯವರು ಇನ್ನೂ ಅಂತಾರ. ಮಂದಿ ಮುಂದ ಅಂಬೋದು ಯಾವಾಗ್ಲೂ ಇರ್ತದ. ಕೇರಳದ ಮನಿಮನಿ ಹುಡುಗ್ಯಾರು ಇದಽ ಕೆಲಸದ ಮ್ಯಾಲೆ ಎಷ್ಟು ವರ್ಷದಿಂದ ಹೊರಗ ದುಡದು ತಂಗಿಯಂದಿರ ಲಗ್ನ ಮಾಡ್ಯಾರ, ಮನಿ ಕಟ್ಟಿಸ್ಯಾರ. ನಮ್ಮ ಹುಡುಗ್ಯಾರಿಗೆ ಕೈ ಇಲ್ಲೇನು? ಆದ್ರ ಮಾಮಿ ಹೇಳಿದ್ರಾಗ ಒಂದು ಮಾತು ಖರೇ ಅದ, ಅಪ್ಪ ಅವ್ವ ಮುದುಕರಾದಾಗ ಯಾರು ನೋಡ್ತಾರ ಅನ್ನೂದು. ಅದಕ್ಕ ಯಾವ ಕೋರ್ಸಿನಾಗೂ ಉತ್ತರ ಇಲ್ಲ. ಅದನ್ನ ಹೋಗೂ ಮೊದಲ ಮನಿಯವರೆಲ್ಲಾ ಕೂತು, ಅಣ್ಣಗೂ ತಮ್ಮಗೂ ಪಾಲು ಹಂಚೂಹಂಗ, ಹಂಚಿಕೊಳ್ಳಬೇಕು.

ತಂಗಿ ಮಗಳು ಮೂರು ವರ್ಷ ಜಿಎನ್‌ಎಂ ಓದೂವಾಗ ರಾತ್ರಿ ಎಂಟರಿಂದ ಒಂಬತ್ತು ಜರ್ಮನ್ ಕಲೀತೀನಿ ಅಂದಾಳ. ಬ್ಯಾರೆ ಯಾರರ ಹುಡುಗ್ಯಾರಿದ್ರ ಹೇಳ್ರಿ, ನಾಲ್ಕು ಮಂದಿ ಕೂಡಿದ್ರ ಮಾಸ್ತರರು ಫೀ ಕಡಿಮಿ ಮಾಡ್ತೀನಿ ಅಂದಾರ, ನಮ್ಮ ಮ್ಯಾಲಿನ ಖೋಲಿ ಖಾಲಿನಽ ಅದ.