ಗೃಹಸೌಖ್ಯ: ಮನೆಯೊಳಗಿನ ನಡಿಗೆಯ ಯಂತ್ರ

ಬೆಳಗಾವಿಯ ಸೀಮೆಯಲ್ಲಿ ನಡಿಗೆಯ ಅಭ್ಯಾಸವುಳ್ಳವರಿಗೆ ಮಳೆಗಾಲದಂಥ ವಿಘ್ನವು ಮತ್ತೊಂದಿಲ್ಲ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಗಿಡಗಳ ನೆರಳಿನಲ್ಲಿ ನಿತ್ಯವೂ ಸುತ್ತುವ ಮಂದಿಯು ಜೂನ್ ತಿಂಗಳು ಹಿಡಿದೊಡನೆ ವಿರಳವಾಗುವರು. ಖಾನಾಪುರದ ಮಾತಂತೂ ಕೇಳುವದೇ ಬೇಡ. ಸಹ್ಯಾದ್ರಿಯ ಮಗ್ಗುಲಲ್ಲಿರುವ ಆ ತಾಲೂಕಿನ ಕಣಕುಂಬಿಯಲ್ಲಿಯೇ ಮಲಪ್ರಭೆಯು ಹುಟ್ಟುವಳು. ಅಲ್ಲಿಯ ಮಳೆಯು ನಾಲ್ಕು ತಿಂಗಳು ಮನುಷ್ಯನನ್ನು ಮನೆಯೊಳಗೆ ಕೂಡ್ರಿಸುವದು. ಆದರೆ ಶರೀರಧರ್ಮವು ಋತುವನ್ನು ನೋಡಿ ನಿಲ್ಲತಕ್ಕದ್ದಲ್ಲ. ವಯಸ್ಕರು ವಾರಕ್ಕೆ 150 ರಿಂದ 300 ನಿಮಿಷಗಳವರೆಗೆ ಸಾಧಾರಣ ಶ್ರಮದ ವ್ಯಾಯಾಮವನ್ನು ಮಾಡಬೇಕೆಂದು ಜಾಗತಿಕ ಆರೋಗ್ಯ ಸಂಸ್ಥೆಯು 2020 ರಲ್ಲಿ ತಿಳಿಸಿರುವದು.

ಖಾನಾಪುರದ ವಾಚಕರೊಬ್ಬರು ಈ ಸಂಬಂಧದಲ್ಲಿಯೇ ಪತ್ರ ಬರೆದಿರುವರು. ಅವರ ಮನೆಯವರಿಗೆ ಮಧುಮೇಹವಿದೆ, ಮೊಣಕಾಲು ನೋವೂ ಇದೆ. ಪ್ರತಿ ವರ್ಷವೂ ಮಳೆ ಹಿಡಿದ ಮೇಲೆ ನಡಿಗೆಯು ನಿಂತು ರಕ್ತದಲ್ಲಿಯ ಸಕ್ಕರೆಯು ಏರುವದಂತೆ. ನಿವೃತ್ತಿಯ ಹಣದಿಂದ ಎರಡು ಲಕ್ಷ ರೂಪಾಯಿ ತೆತ್ತು 'ಎಲಿಪ್ಟಿಕಲ್ ಟ್ರೇನರ್' ಎಂಬ ಉಚ್ಚ ದರ್ಜೆಯ ಯಂತ್ರವನ್ನು ತರಬಹುದೋ ಎಂದು ಅವರು ಕೇಳಿರುವರು. ಇಂಥ ಪ್ರಶ್ನೆಯು ಅನೇಕ ಗೃಹಸ್ಥರ ಮನಸ್ಸಿನಲ್ಲಿ ಇರಬಹುದಾದ್ದರಿಂದ ಸ್ವಲ್ಪ ವಿಸ್ತರಿಸಿ ಬರೆಯುವೆವು.

ಈ ಯಂತ್ರದಲ್ಲಿ ಎರಡು ಪೆಡಲುಗಳ ಮೇಲೆ ನಿಂತು, ಎರಡು ಹಿಡಿಕೆಗಳನ್ನು ಹಿಂದೆ ಮುಂದೆ ದೂಡುತ್ತ ಹೆಜ್ಜೆ ಹಾಕಬೇಕು. ಪಾದವು ದೀರ್ಘವೃತ್ತದ ಆಕಾರದಲ್ಲಿ ಸುತ್ತುವದರಿಂದ ಆ ಹೆಸರು. ಅಮೇರಿಕೆಯ ಪ್ರೀಕೋರ್ ಕಂಪನಿಯು 1995 ರಲ್ಲಿ ಇದನ್ನು ಪೇಟೆಗೆ ತಂದ ಮೇಲೆ ಇದು ಎಲ್ಲೆಡೆಗೂ ಹಬ್ಬಿತು. ಪಾದವು ಪೆಡಲನ್ನು ಬಿಟ್ಟು ಏಳುವದಿಲ್ಲವಾದ್ದರಿಂದ ಓಡುವಾಗ ಮೊಣಕಾಲಿಗೆ ತಗಲುವ ಪೆಟ್ಟು ಇಲ್ಲಿ ತಗಲುವದಿಲ್ಲ. ಆದರೂ ಹೃದಯಕ್ಕೂ ಶ್ವಾಸಕೋಶಕ್ಕೂ ಸಾಕಷ್ಟು ಕೆಲಸ ದೊರೆಯುವದು. ಇದೇ ಇದರ ಮುಖ್ಯ ಗುಣ. ಆದರೆ ನೋವಿರುವ ಎಲ್ಲ ಮೊಣಕಾಲುಗಳಿಗೂ ಇದು ಒಗ್ಗುವದೆಂದು ತಿಳಿಯಬಾರದು. ಪೆಡಲಿನ ಮೇಲೆ ಏರುವದೇ ಕೆಲವರಿಗೆ ಕಷ್ಟವಾಗುವದು.

ಹೆಚ್ಚು ಬೆಲೆಯ ಯಂತ್ರದಲ್ಲಿ ಹೆಚ್ಚು ಏನಿರುವದು? ಮೊದಲನೆಯದು ಹೆಜ್ಜೆಯ ಉದ್ದ. ಅಗ್ಗದ ಯಂತ್ರಗಳಲ್ಲಿ ಹೆಜ್ಜೆಯು ಗಿಡ್ಡಾಗಿ, ನಡೆಯುವದಕ್ಕಿಂತ ಮೆಟ್ಟಿಲು ತುಳಿದಂತೆ ಆಗುವದು. ಬಹುಮಟ್ಟಿಗೆ ಪ್ರೌಢರಿಗೆ 18 ರಿಂದ 20 ಅಂಗುಲಗಳ ಹೆಜ್ಜೆಯು ಸರಿಹೋಗುವದು. ಗಿಡ್ಡ ಆಳಿಗೆ ಇನ್ನೂ ಕಡಿಮೆ ಸಾಕು. ಎರಡನೆಯದು ಪೆಡಲುಗಳ ನಡುವಿನ ಅಂತರ. ಇದು ಅಗಲವಾದಷ್ಟೂ ಕಾಲುಗಳು ಕವಲಾಗಿ ಸೊಂಟಕ್ಕೂ ಮೊಣಕಾಲಿಗೂ ಪೀಡೆಯಾಗುವದು. ಮೂರನೆಯದು ಗತಿಚಕ್ರ ಹಾಗೂ ಚೌಕಟ್ಟಿನ ಭಾರ. ಒಳ್ಳೆಯ ಯಂತ್ರವು ಒಂದು ಕ್ವಿಂಟಲಿನ ಆಚೀಚೆ ತೂಗುವದು. ಆದ್ದರಿಂದಲೇ ಅದು ಅಲುಗಾಡದು, ಸಪ್ಪಳ ಮಾಡದು. ನಾಲ್ಕನೆಯದು ತಡೆ. ತಿರುಗುವ ಲೋಹದ ಚಕ್ರದ ಬಳಿಗೆ ಅಯಸ್ಕಾಂತವನ್ನು ತಂದರೆ ಚಕ್ರದಲ್ಲಿ ವಿದ್ಯುತ್ತಿನ ಸುಳಿಗಳೆದ್ದು ಅದರ ವೇಗವನ್ನು ತಡೆಯುವವು. ಇದರಲ್ಲಿ ಒಂದಕ್ಕೊಂದು ಉಜ್ಜುವದಿಲ್ಲವಾದ್ದರಿಂದ ತಡೆಯ ಭಾಗವು ಬೇಗನೆ ಸವೆಯದು. ಈ ನಾಲ್ಕಕ್ಕೆ ಕೊಡುವ ಹಣವು ವ್ಯರ್ಥವಲ್ಲ.

ಆದರೆ ಬೆಲೆಯ ಒಂದು ಪಾಲು ದೊಡ್ಡ ಪರದೆಗೂ ಅದರಲ್ಲಿ ತೋರುವ ಚಿತ್ರಗಳಿಗೂ ಹೋಗುವದು. ಕೆಲವಕ್ಕೆ ತಿಂಗಳು ತಿಂಗಳು ವರ್ಗಣಿಯನ್ನೂ ತೆರಬೇಕಾಗುವದು. ಕಬ್ಬಿಣವು ಹದಿನೈದು ವರ್ಷ ಬಾಳಿದರೂ ಪರದೆಯು ಅಷ್ಟು ಬಾಳುವದೆಂಬ ಭರವಸೆಯಿಲ್ಲ. ಇಷ್ಟು ಕ್ಯಾಲರಿ ವೆಚ್ಚವಾಯಿತೆಂದು ಅದು ತೋರಿಸುವ ಅಂಕಿಯು ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚಾಗಿರುವದು. ಅದನ್ನು ನಂಬಿ ಊಟದಲ್ಲಿ ಒಂದು ಹೋಳಿಗೆ ಹೆಚ್ಚಿಗೆ ಬಡಿಸಿಕೊಳ್ಳಬಾರದು.

ಇನ್ನು ಯಂತ್ರವನ್ನು ಬಿಟ್ಟು ಮನೆಯನ್ನು ನೋಡಬೇಕು. ಪೆಡಲು ಮೇಲೇರಿದಾಗ ನೆಲದಿಂದ ಒಂದು ಅಡಿಗೂ ಮಿಕ್ಕಿ ಎತ್ತರವಾಗಬಹುದು. ಐದು ಅಡಿ ಎಂಟು ಅಂಗುಲ ಎತ್ತರದ ಆಳು ಅದರ ಮೇಲೆ ನಿಂತರೆ, ತಲೆಯ ಮೇಲೆ ಅರ್ಧ ಅಡಿ ಬಿಟ್ಟು, ಏಳೂವರೆ ಅಡಿಯಾದರೂ ಬೇಕು. ಖಾನಾಪುರದ ಹಳೆಯ ಹೆಂಚಿನ ಮನೆಗಳಲ್ಲಿ ಪಡಸಾಲೆಯ ನಡುವೆ ಇಷ್ಟು ಎತ್ತರ ದೊರೆಯುವದು. ಇಳಿಮಾಡಿನ ಬದಿಗೂ ಅಟ್ಟದ ಕೆಳಗೂ ದೊರೆಯಲಿಕ್ಕಿಲ್ಲ. ಮಳೆಗಾಲದ ತಂಪಿನಿಂದ ಕಬ್ಬಿಣಕ್ಕೆ ತುಕ್ಕು ಹಿಡಿಯುವದು. ಸೋರುವ ಗೋಡೆಯ ಬದಿಗೆ ಇಡದೆ, ಅಡಿಗೆ ದಪ್ಪ ರಬ್ಬರಿನ ಹಾಸು ಹಾಕಿ, ಪ್ರತಿದಿನ ಬೆವರನ್ನು ಒರಸಬೇಕು. ಮಿಂಚು ಗುಡುಗಿನ ಕಾಲಕ್ಕೆ ವಿದ್ಯುತ್ತಿನ ಸಂಬಂಧವನ್ನು ತಪ್ಪಿಸಬೇಕು. ತುಳಿಯುವವರ ಶಕ್ತಿಯಿಂದಲೇ ವಿದ್ಯುತ್ತನ್ನು ಹುಟ್ಟಿಸಿಕೊಳ್ಳುವ ಯಂತ್ರಗಳೂ ಇರುವವು; ಮಳೆಗಾಲದಲ್ಲಿ ವಿದ್ಯುತ್ತು ಹೋಗುವ ಊರಿಗೆ ಅಂಥವು ಮೇಲು. ಚಿಕ್ಕ ಮಕ್ಕಳ ಬೆರಳು ಸಂದಿಗೆ ಸಿಗದಂತೆಯೂ, ಹೆಂಗಸರ ಸೆರಗು ಹಾಗೂ ನಿರಿಗೆಗಳು ಸುತ್ತಿಕೊಳ್ಳದಂತೆಯೂ ಎಚ್ಚರವಿರಬೇಕು. ಜೋಲುವ ಸೀರೆಯುಟ್ಟು ಇದನ್ನು ಏರಲೇಬಾರದು.

ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ಯಂತ್ರವು ಕೆಟ್ಟರೆ ರಿಪೇರಿಗೆ ಯಾವ ಊರಿನಿಂದ, ಎಷ್ಟು ದಿನಗಳಲ್ಲಿ ಮನುಷ್ಯನು ಬರುವನು? ಚೌಕಟ್ಟಿಗೆ, ಬಿಡಿಭಾಗಗಳಿಗೆ, ಕೂಲಿಗೆ ಬೇರೆ ಬೇರೆಯಾಗಿ ಎಷ್ಟು ವರ್ಷಗಳ ಗ್ಯಾರಂಟಿ? ಬೆಳಗಾವಿಯ ಅಂಗಡಿಯ ಗ್ಯಾರಂಟಿಯು ಖಾನಾಪುರದ ಮನೆಯ ಬಾಗಿಲಿನವರೆಗೂ ಬರುವದೋ? ಉತ್ತರಗಳನ್ನು ಬರೆಯಿಸಿ ತೆಗೆದುಕೊಳ್ಳಿರಿ. ಬಾಯಿಮಾತು ಎರಡು ಲಕ್ಷದ ವ್ಯವಹಾರಕ್ಕೆ ಸಾಲದು.

ಲೆಕ್ಕವನ್ನೂ ನೋಡುವಾ. ವಾರಕ್ಕೆ 150 ನಿಮಿಷಗಳಂತೆ ವರ್ಷವಿಡೀ ತುಳಿದರೆ 130 ತಾಸು. ಹತ್ತು ವರ್ಷಕ್ಕೆ 1300 ತಾಸು. ಆಗ ತಾಸಿಗೆ ಬೀಳುವ ಬೆಲೆ ಸುಮಾರು 154 ರೂಪಾಯಿ. ಮಳೆಗಾಲದ ಹದಿನೇಳು ವಾರ ಮಾತ್ರ ತುಳಿದರೆ ಅದೇ ತಾಸಿಗೆ ಸುಮಾರು 470 ರೂಪಾಯಿ. ಎರಡು ತಿಂಗಳಿಗೆ ಬೇಸತ್ತು ಅರಿವೆ ಒಣಗಿಸುವ ಗೂಟವನ್ನಾಗಿ ಮಾಡಿದರೆ ಲೆಕ್ಕ ಮಾಡುವ ಕಾರಣವೇ ಉಳಿಯದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ವೈದ್ಯರು ಒಪ್ಪಿದರೆ, ಯಾರ ಸಲುವಾಗಿ ಯಂತ್ರವು ಬರುವದೋ ಅವರೇ ಬೆಳಗಾವಿಯ ಯಾವದಾದರೊಂದು ವ್ಯಾಯಾಮಶಾಲೆಯಲ್ಲಿ, ತಮ್ಮ ಬೂಟುಗಳನ್ನೇ ಮೆಟ್ಟಿ, ಕೆಲವು ವಾರ ತುಳಿದು ನೋಡಲಿ. ಅಂಗಡಿಯಲ್ಲಿ ಎರಡು ನಿಮಿಷ ನಿಂತರೆ ಎಲ್ಲ ಯಂತ್ರವೂ ಹಿತವೇ. ಇಪ್ಪತ್ತು ನಿಮಿಷದ ಮೇಲೆ ಮೊಣಕಾಲು ಏನನ್ನುವದೆಂಬುದೇ ನಿಜವಾದ ಪರೀಕ್ಷೆ. ಮಧುಮೇಹದವರು ದಿನಾಲು ಪಾದಗಳನ್ನು ನೋಡಿಕೊಳ್ಳಬೇಕು; ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು. ನೋವಿಲ್ಲದೆ, ಬೇಸರವಿಲ್ಲದೆ ಅಭ್ಯಾಸವು ನಿಂತರೆ, ಪರದೆಯ ಆಡಂಬರವಿಲ್ಲದ, ಹೆಜ್ಜೆಯೂ ಚೌಕಟ್ಟೂ ಸರಿಯಾಗಿರುವ, ರಿಪೇರಿಯ ಅನುಕೂಲವುಳ್ಳ ಯಂತ್ರವನ್ನು ನಿಶ್ಚಿಂತೆಯಿಂದ ತರಬಹುದು. ಅದಕ್ಕೆ ಎರಡು ಲಕ್ಷವೇ ಬೇಕೆಂಬ ನಿಯಮವೇನೂ ಇಲ್ಲ. ಅಭ್ಯಾಸವು ನಿಲ್ಲದಿದ್ದರೆ ಹಣವನ್ನು ಬ್ಯಾಂಕಿನಲ್ಲಿಯೇ ಇಟ್ಟು, ಮಳೆಯ ದಿನಗಳಲ್ಲಿ ಪಡಸಾಲೆಯ ಉದ್ದಕ್ಕೂ ಹತ್ತು ಹತ್ತು ನಿಮಿಷ ಮೂರು ಸಲ ನಡೆದರೂ ಶರೀರಕ್ಕೆ ಸಲ್ಲುವದು ಸಂದೇ ಸಲ್ಲುವದು.