ಬೆಂಚಿನ ಎರಡನೇ ಮನುಷ್ಯ

ಫುಟ್‌ಬಾಲ್ ತಂಡದ ಮೇಲೆ ಸಹಾಯಕ ಕೋಚ್‌ನ ಪ್ರಭಾವ ಎಷ್ಟು ಎಂಬ ಪ್ರಶ್ನೆಗೆ ಅಂಕಪಟ್ಟಿಗಳಲ್ಲಿ ಉತ್ತರ ಸಿಗುವುದಿಲ್ಲ. ಗೆಲುವು, ಸೋಲು, ಡ್ರಾ ಎಲ್ಲವೂ ಮುಖ್ಯ ಕೋಚ್‌ನ ಹೆಸರಿನಲ್ಲೇ ದಾಖಲಾಗುತ್ತವೆ; ತಂಡ ಸಾಲಾಗಿ ಸೋತರೆ ಮೊದಲು ಮನೆಗೆ ಹೋಗುವವನೂ ಆತನೇ. ಕಣಕ್ಕಿಳಿಯುವ ಹನ್ನೊಂದು ಮಂದಿ ಯಾರು, ಯಾರನ್ನು ಯಾವಾಗ ಬದಲಿಸಬೇಕು ಎಂಬಲ್ಲಿ ಕೊನೆಯ ಮಾತು ಅವನದು. ಆಟದ ನಿಯಮವೂ ಇದಕ್ಕೆ ಒತ್ತಾಸೆಯಾಗಿದೆ: ಗೆರೆಯಾಚೆ ನಿಂತು ಆಟಗಾರರಿಗೆ ತಂತ್ರದ ಸೂಚನೆ ಕೊಡಲು ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಅವಕಾಶ. ಹಾಗಾದರೆ ಪಕ್ಕದಲ್ಲಿ ಕೂತವನಿಗೆ ಉಳಿದದ್ದೇನು? ಉಳಿದದ್ದು ಸಣ್ಣದಲ್ಲ. ಕೊನೆಯ ಮಾತು ತನ್ನದಲ್ಲ ಎಂಬ ಕಾರಣಕ್ಕೇ ಆತ ಮಾಡಬಲ್ಲ ಕೆಲವು ಕೆಲಸಗಳಿವೆ, ಅವು ಮುಖ್ಯ ಕೋಚ್‌ನ ಕೈಗೆ ಎಟುಕುವುದಿಲ್ಲ.

ಮೊದಲನೆಯದು ಡ್ರೆಸಿಂಗ್ ರೂಮಿನ ಕೆಲಸ. ತಂಡದಿಂದ ಕೈಬಿಟ್ಟ ಆಟಗಾರ ತನ್ನನ್ನು ಕೈಬಿಟ್ಟವನ ಎದುರು ಮನಸ್ಸು ಬಿಚ್ಚುವುದಿಲ್ಲ. ಮೊಣಕಾಲು ನೋಯುತ್ತಿದೆ ಎಂದರೆ ಮುಂದಿನ ಪಂದ್ಯಕ್ಕೆ ಜಾಗ ಹೋದೀತೆಂಬ ಭಯ. ಹೊಸ ತಂತ್ರ ಅರ್ಥವಾಗಿಲ್ಲ ಎಂದರೆ ದಡ್ಡನೆನಿಸಿಕೊಳ್ಳುವ ಅಳುಕು. ಇಂಥ ಮಾತುಗಳು ಹರಿದು ಬರುವುದು ಸಹಾಯಕನ ಕಡೆಗೆ. ಅವುಗಳಲ್ಲಿ ಯಾವುದನ್ನು ಮೇಲಕ್ಕೆ ಮುಟ್ಟಿಸಬೇಕು, ಯಾವುದನ್ನು ತನ್ನಲ್ಲೇ ಇಟ್ಟುಕೊಳ್ಳಬೇಕು ಎಂಬ ವಿವೇಕ ಆತನಿಗೆ ಇರಬೇಕು. ಎಲ್ಲವನ್ನೂ ಒಪ್ಪಿಸುವವನನ್ನು ಆಟಗಾರರು ಚಾಡಿಕೋರನೆಂದು ದೂರ ಇಡುತ್ತಾರೆ. ಏನನ್ನೂ ಹೇಳದವನಿಂದ ಮುಖ್ಯ ಕೋಚ್‌ಗೆ ಪ್ರಯೋಜನವಿಲ್ಲ. ಎರಡನೆಯದು ಒಪ್ಪದಿರುವ ಕೆಲಸ. ಮುಖ್ಯ ಕೋಚ್ ಪದೇ ಪದೇ ಗೆಲ್ಲುತ್ತ ಹೋದಂತೆ ಅವನ ಸುತ್ತ ಹೂಂಗುಟ್ಟುವವರೇ ತುಂಬಿಕೊಳ್ಳುತ್ತಾರೆ. ಮುಚ್ಚಿದ ಬಾಗಿಲ ಹಿಂದೆ ‘ಇದು ತಪ್ಪು’ ಎನ್ನುವ, ಬಾಗಿಲು ತೆರೆದ ಮೇಲೆ ಅದೇ ತೀರ್ಮಾನವನ್ನು ತನ್ನದೆಂಬಂತೆ ನಡೆಸಿಕೊಡುವ ಒಬ್ಬನಾದರೂ ಅಲ್ಲಿ ಬೇಕು.

ಈ ಪ್ರಭಾವವನ್ನು ಅಳೆಯಲು ಒದಗುವ ಅತ್ಯುತ್ತಮ ಉದಾಹರಣೆ ಇಂಗ್ಲೆಂಡಿನ ಬ್ರಯಾನ್ ಕ್ಲಫ್ ಮತ್ತು ಪೀಟರ್ ಟೇಲರ್ ಅವರದು. ಇಬ್ಬರೂ ಮಿಡಲ್ಸ್‌ಬರೊ ತಂಡದಲ್ಲಿ ಜೊತೆಗೆ ಆಡಿದವರು. ಕ್ಲಫ್ ಗೋಲುಗಳ ಸರದಾರ, ಟೇಲರ್ ಗೋಲ್‌ಕೀಪರ್. 1965ರಲ್ಲಿ ಹಾರ್ಟ್ಲ್‌ಪೂಲ್ಸ್ ಎಂಬ ಬಡ ಕ್ಲಬ್‌ನಿಂದ ಶುರುವಾದ ಜೋಡಿ 1972ರಲ್ಲಿ ಡರ್ಬಿ ಕೌಂಟಿಗೆ ಇಂಗ್ಲಿಷ್ ಲೀಗ್ ಗೆದ್ದುಕೊಟ್ಟಿತು. ಅನಂತರ ಇಬ್ಬರೂ ಬ್ರೈಟನ್‌ಗೆ ಹೋದರು. 1974ರಲ್ಲಿ ಕ್ಲಫ್ ಆಗಿನ ಲೀಗ್ ಚಾಂಪಿಯನ್ ಲೀಡ್ಸ್ ಯುನೈಟೆಡ್‌ನ ಹೊಣೆ ಹೊತ್ತಾಗ ಟೇಲರ್ ಜೊತೆಗೆ ಹೋಗಲಿಲ್ಲ. ಲೀಡ್ಸ್‌ನಲ್ಲಿ ಕ್ಲಫ್ ಉಳಿದದ್ದು 44 ದಿನ. ಹಿರಿಯ ಆಟಗಾರರನ್ನು ಮೊದಲ ದಿನದಿಂದಲೇ ಕೆಣಕಿ ಎದುರು ಹಾಕಿಕೊಂಡ ಅವರನ್ನು ತಡೆದು ನಿಲ್ಲಿಸುವವರು ಪಕ್ಕದಲ್ಲಿ ಇರಲಿಲ್ಲ. 1975ರ ಜನವರಿಯಲ್ಲಿ ಅವರು ಎರಡನೇ ಡಿವಿಷನ್‌ನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದರು. ಒಬ್ಬರೇ ನಡೆಸಿದ ಮೊದಲ ಪೂರ್ಣ ಋತುವಿನಲ್ಲಿ ತಂಡ ಎಂಟನೇ ಸ್ಥಾನಕ್ಕೆ ನಿಂತಿತು. 1976ರ ಜುಲೈನಲ್ಲಿ ಟೇಲರ್ ಬಂದರು. ಮುಂದಿನ ವರ್ಷ ಮೇಲಿನ ಡಿವಿಷನ್‌ಗೆ ಬಡ್ತಿ, 1978ರಲ್ಲಿ ಲೀಗ್ ಪ್ರಶಸ್ತಿ, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್.

ಟೇಲರ್ ತಂದದ್ದೇನು? ಮುಖ್ಯವಾಗಿ ಕಣ್ಣು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮುನ್ನುಗ್ಗಿ ಗೋಲು ಹೊಡೆಯುತ್ತಿದ್ದ, ಒರಟನೆಂದು ಹೆಸರಾದ ಕೆನ್ನಿ ಬರ್ನ್ಸ್‌ನನ್ನು ಅವರು ತರಿಸಿಕೊಂಡರು. ಫಾರೆಸ್ಟ್‌ನಲ್ಲಿ ಡಿಫೆಂಡರ್ ಆದ ಬರ್ನ್ಸ್ ಮೊದಲ ಋತುವಿನಲ್ಲೇ ಫುಟ್‌ಬಾಲ್ ಬರಹಗಾರರಿಂದ ವರ್ಷದ ಆಟಗಾರನೆನಿಸಿಕೊಂಡ. ಲಾಂಗ್ ಈಟನ್ ಎಂಬ ಹವ್ಯಾಸಿ ಮಟ್ಟದ ತಂಡದಿಂದ ಬಂದ ಗ್ಯಾರಿ ಬರ್ಟಲ್ಸ್ ಎರಡು ವರ್ಷಗಳಲ್ಲಿ ಯುರೋಪಿಯನ್ ಕಪ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಗೋಲು ಹೊಡೆದ. ಮೈ ಬೆಳೆಸಿಕೊಂಡು ಸೋಮಾರಿಯಾಗಿದ್ದ ಜಾನ್ ರಾಬರ್ಟ್‌ಸನ್‌ಗೆ ಟೇಲರ್ ಮುಖಕ್ಕೆ ಹೊಡೆದಂತೆ ಬುದ್ಧಿ ಹೇಳಿದರು. 1979ರ ಫೈನಲ್‌ನ ಏಕೈಕ ಗೋಲಿಗೆ ಚೆಂಡು ಒದಗಿಸಿದವನೂ 1980ರ ಫೈನಲ್‌ನ ಏಕೈಕ ಗೋಲು ಹೊಡೆದವನೂ ಅವನೇ. ಆಟಗಾರನನ್ನು ಗುರುತಿಸುವುದು ಟೇಲರ್, ಅವನಿಂದ ಆಡಿಸುವುದು ಕ್ಲಫ್ ಎಂಬ ಹಂಚಿಕೆ ಬರೆದಿಟ್ಟ ಒಪ್ಪಂದವಾಗಿರಲಿಲ್ಲ, ಆದರೂ ನಡೆಯುತ್ತಿದ್ದುದು ಹಾಗೆಯೇ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬ್ರೈಟನ್‌ನಲ್ಲಿ ಎರಡು ಋತು ಒಬ್ಬರೇ ಇದ್ದ ಟೇಲರ್‌ಗೆ ತಂಡವನ್ನು ಮೂರನೇ ಡಿವಿಷನ್‌ನಿಂದ ಮೇಲೆತ್ತಲು ಆಗಲಿಲ್ಲ. 1982ರಲ್ಲಿ ಡರ್ಬಿಗೆ ಮುಖ್ಯಸ್ಥರಾಗಿ ಮರಳಿದಾಗಲೂ ಕೈ ಹತ್ತಲಿಲ್ಲ. 1984ರಲ್ಲಿ ಆ ತಂಡ ಮೂರನೇ ಡಿವಿಷನ್‌ಗೆ ಜಾರಿತು. ಟೇಲರ್ ಫಾರೆಸ್ಟ್ ಬಿಟ್ಟುಹೋದ ಮೇಲೆ ಕ್ಲಫ್ ಲೀಗ್ ಕಪ್‌ಗಳನ್ನು ಗೆದ್ದರು, ಲೀಗನ್ನಾಗಲಿ ಯುರೋಪಿಯನ್ ಕಪ್ಪನ್ನಾಗಲಿ ಮತ್ತೆ ಮುಟ್ಟಲಿಲ್ಲ. 1983ರಲ್ಲಿ ಟೇಲರ್ ರಾಬರ್ಟ್‌ಸನ್‌ನನ್ನು ಡರ್ಬಿಗೆ ಸೆಳೆದುಕೊಂಡ ವಿಷಯದಲ್ಲಿ ಇಬ್ಬರಿಗೂ ಮನಸ್ತಾಪ ಬಂದು, 1990ರಲ್ಲಿ ಟೇಲರ್ ತೀರಿಕೊಳ್ಳುವವರೆಗೂ ಮಾತುಕತೆ ಇರಲಿಲ್ಲ. ಹಣದ ಬಲ, ಎದುರಾಳಿಗಳ ಏಳುಬೀಳು, ಅದೃಷ್ಟ ಇವೆಲ್ಲ ಈ ಲೆಕ್ಕದಲ್ಲಿ ಬೆರೆತಿವೆ ನಿಜ. ಆದರೂ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ನೋಡಿ ಜೋಡಿಯ ಸಾಧನೆಯನ್ನು ಊಹಿಸುವುದು ಸಾಧ್ಯವಿರಲಿಲ್ಲ ಎಂಬುದಂತೂ ಖಚಿತ.

ಇದಕ್ಕೆ ಎದುರಾಗಿ ಹೇಳುವವರು ಅಲೆಕ್ಸ್ ಫರ್ಗ್ಯುಸನ್ ಅವರನ್ನು ತೋರಿಸುತ್ತಾರೆ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 1986ರಿಂದ 2013ರವರೆಗೆ ಅವರ ಪಕ್ಕದ ಕುರ್ಚಿಯಲ್ಲಿ ಆರ್ಚಿ ನಾಕ್ಸ್, ಬ್ರಯಾನ್ ಕಿಡ್, ಸ್ಟೀವ್ ಮೆಕ್ಲಾರೆನ್, ಕಾರ್ಲೋಸ್ ಕೀರೋಶ್, ಮೈಕ್ ಫೀಲನ್ ಬಂದುಹೋದರು. ಪ್ರಶಸ್ತಿಗಳು ಬರುವುದು ನಿಲ್ಲಲಿಲ್ಲ. 1998ರ ಡಿಸೆಂಬರ್‌ನಲ್ಲಿ ಕಿಡ್ ಹೊರಟರು, ಫೆಬ್ರುವರಿಯಲ್ಲಿ ಮೆಕ್ಲಾರೆನ್ ಬಂದರು, ಮೇ ತಿಂಗಳಲ್ಲಿ ತಂಡ ಒಂದೇ ಋತುವಿನಲ್ಲಿ ಮೂರು ಕಪ್ ಎತ್ತಿತು. ಸಹಾಯಕ ಯಾರಾದರೇನು ಎಂದು ಇದರಿಂದ ತೀರ್ಮಾನಿಸುವುದು ಅವಸರದ ಮಾತು. ಅದಕ್ಕೂ ಮೊದಲು ಅಬರ್ಡೀನ್ ತಂಡದಲ್ಲಿದ್ದಾಗಲೇ ಸಹಾಯಕನ ಒತ್ತಾಯದ ಮೇಲೆ ಅಭ್ಯಾಸದ ಹೊಣೆಯನ್ನು ಬಿಟ್ಟುಕೊಟ್ಟು ದೂರ ನಿಂತು ನೋಡುವುದನ್ನು ಕಲಿತವರು ಫರ್ಗ್ಯುಸನ್. ಸಹಾಯಕರನ್ನು ಬದಲಿಸಿದ್ದು ತಂಡಕ್ಕೆ ಹೊಸ ವಿಚಾರ ತರುವ ಅವರ ದಾರಿಯೂ ಆಗಿತ್ತು. ಕುರ್ಚಿ ಖಾಲಿ ಇದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅವರ ದಾಖಲೆ ಪುರಾವೆಯಲ್ಲ.

ಒಳ್ಳೆಯ ಸಹಾಯಕ ಒಳ್ಳೆಯ ಮುಖ್ಯ ಕೋಚ್ ಆಗಿಯೇ ತೀರಬೇಕೆಂದಿಲ್ಲ. ಬ್ಲ್ಯಾಕ್‌ಬರ್ನ್‌ಗೆ ಹೋದ ಕಿಡ್ ಅದೇ ಋತುವಿನಲ್ಲಿ ತಂಡ ಕೆಳಗಿಳಿಯುವುದನ್ನು ಕಂಡರು. ಕೀರೋಶ್ 2003ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋಗಿ, ಒಂದೇ ಋತುವಿನಲ್ಲಿ ಕೆಲಸ ಕಳೆದುಕೊಂಡು ಫರ್ಗ್ಯುಸನ್ ಬಳಿಗೇ ಮರಳಿದರು. ಗೆದ್ದವರ ಪಟ್ಟಿ ನೋಡಿದರೆ ಅಲ್ಲೊಂದು ಸಾಮ್ಯ ಕಾಣುತ್ತದೆ: ಹಲವರು ತಾವಿದ್ದ ಮನೆಯಲ್ಲೇ ಮೇಲಕ್ಕೇರಿದವರು. ಲಿವರ್‌ಪೂಲ್‌ನಲ್ಲಿ ಬಿಲ್ ಶ್ಯಾಂಕ್ಲಿ ಅವರ ಬಲಗೈಯಾಗಿದ್ದ ಬಾಬ್ ಪೈಸ್ಲಿ 1974ರಿಂದ 1983ರವರೆಗೆ ಆರು ಲೀಗ್ ಪ್ರಶಸ್ತಿ, ಮೂರು ಯುರೋಪಿಯನ್ ಕಪ್ ಗೆದ್ದರು. ಅವರ ಸಹಾಯಕ ಜೋ ಫೇಗನ್ 1984ರಲ್ಲಿ ಮತ್ತೊಂದನ್ನು ತಂದರು. ಯೋಆಖಿಮ್ ಲ್ಯೋವ್ ಜರ್ಮನಿಯಲ್ಲಿ ಕ್ಲಿನ್ಸ್‌ಮನ್ ಅವರ ಸಹಾಯಕರಾಗಿದ್ದು 2006ರಲ್ಲಿ ಮುಖ್ಯಸ್ಥರಾದವರು. ಇವರು ಬೇರೆಡೆ ಹೋಗಿದ್ದರೆ ತಮ್ಮ ಅಧಿಕಾರವನ್ನು ಮೊದಲಿನಿಂದ ಕಟ್ಟಬೇಕಿತ್ತು. ಇದ್ದಲ್ಲೇ ಉಳಿದದ್ದರಿಂದ ಆಟಗಾರರ ನಂಬಿಕೆ ಕೈಯಲ್ಲೇ ಇತ್ತು.

ಲ್ಯೋವ್ ಅವರಿಗೂ ಒಬ್ಬ ಸಹಾಯಕರಿದ್ದರು, ಹಾನ್ಸಿ ಫ್ಲಿಕ್. ಕಾರ್ನರ್, ಫ್ರೀ ಕಿಕ್‌ಗಳ ಅಭ್ಯಾಸಕ್ಕೆ ಲ್ಯೋವ್ ಹೆಚ್ಚು ಸಮಯ ಕೊಡುತ್ತಿರಲಿಲ್ಲ. 2014ರ ವಿಶ್ವಕಪ್ ಹೊತ್ತಿಗೆ ಫ್ಲಿಕ್ ಲ್ಯೋವ್ ಅವರ ಮನವೊಲಿಸಿ ಅದಕ್ಕೆ ಜಾಗ ಮಾಡಿಸಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸನ್ನು ಸೋಲಿಸಿದ ಏಕೈಕ ಗೋಲು ಹಮೆಲ್ಸ್ ಫ್ರೀ ಕಿಕ್‌ಗೆ ತಲೆಕೊಟ್ಟು ಹೊಡೆದದ್ದು. ಬ್ರೆಜಿಲ್ ವಿರುದ್ಧದ 7-1 ಗೆಲುವಿನ ಮೊದಲ ಗೋಲು ಬಂದದ್ದು ಕಾರ್ನರ್‌ನಿಂದ. ಆಮೇಲಿನ ದಿನಗಳಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಕೋಚ್‌ಗಳು ಬಂದರು. ಆರ್ಸೆನಲ್‌ನ ನಿಕೋಲಾ ಜೋವರ್ ಈಗ ಅಭಿಮಾನಿಗಳಿಗೂ ಪರಿಚಿತ ಹೆಸರು. ಇಂಥ ತಜ್ಞರ ಪಾಲನ್ನು ಗೋಲುಗಳ ಲೆಕ್ಕದಲ್ಲಿ ಎಣಿಸಬಹುದಾದ್ದರಿಂದ ಅವರಿಗೆ ಮನ್ನಣೆ ಬೇಗ ಸಿಗುತ್ತದೆ. ಟೇಲರ್ ತರಹದವರ ಕೆಲಸ ಹಾಗೆ ಎಣಿಕೆಗೆ ಸಿಗುವುದಿಲ್ಲ, ಆದರೆ ತೂಕ ಅದಕ್ಕೇ ಹೆಚ್ಚು.

ಭಾರತದಲ್ಲಿ ಸಹಾಯಕನ ಪಾತ್ರಕ್ಕೆ ಬೇರೊಂದು ಆಯಾಮವಿದೆ. ಇಂಡಿಯನ್ ಸೂಪರ್ ಲೀಗ್‌ನ ಮುಖ್ಯ ಕೋಚ್‌ಗಳಲ್ಲಿ ಹೆಚ್ಚಿನವರು ವಿದೇಶಿಯರು, ಅವರು ಬಂದುಹೋಗುವ ವೇಗವೂ ಜೋರು. ತಂಡದ ನೆನಪು ಉಳಿಯುವುದು ಎರಡನೇ ಕುರ್ಚಿಯಲ್ಲಿ. ಬೆಂಗಳೂರು ಎಫ್‌ಸಿಯಲ್ಲಿ ಅಲ್ಬೆರ್ಟ್ ರೋಕಾ ಅವರ ಸಹಾಯಕರಾಗಿದ್ದ ಸ್ಪೇನಿನ ಕಾರ್ಲೆಸ್ ಕ್ವಾದ್ರಾತ್ 2018ರಲ್ಲಿ ಅವರ ಜಾಗಕ್ಕೆ ಬಂದರು. ಕಂಠೀರವದಲ್ಲಿ ಚೆನ್ನೈಯಿನ್‌ಗೆ ಫೈನಲ್ ಸೋತಿದ್ದ ತಂಡವನ್ನು ಹೆಚ್ಚು ಕದಲಿಸದೆ ಮುನ್ನಡೆಸಿ, ಮರುವರ್ಷ ಮುಂಬೈಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಪ್ರಶಸ್ತಿ ಗೆದ್ದರು. ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ ಸಹಾಯಕರಾಗಿದ್ದ ಖಾಲಿದ್ ಜಮೀಲ್ 2021ರ ಜನವರಿಯಲ್ಲಿ ತಾತ್ಕಾಲಿಕವಾಗಿ ಹೊಣೆ ಹೊತ್ತು ತಂಡವನ್ನು ಸೆಮಿಫೈನಲ್‌ಗೆ ಒಯ್ದರು. ಅದೇ ವರ್ಷ ಆ ಲೀಗ್‌ನ ಮೊದಲ ಭಾರತೀಯ ಪೂರ್ಣಾವಧಿ ಮುಖ್ಯ ಕೋಚ್ ಆದ ಅವರು 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತಂಡದ ಚುಕ್ಕಾಣಿ ಹಿಡಿದರು.